ಎಲ್ಲಂಗಡಿಯ ಹೂಂ

ನಮ್ಮೂರಿನ ಬಾಗಿಲುಗಳಿಗೆ ಬೀಗ ಇಲ್ಲ, ಬಾಯಿ ಇದೆ. ಎದುರು ಹೋಗಿ ನಿಂತ ಕೂಡಲೇ "ಯಾರು?" ಅನ್ನುತ್ತವೆ. ಹೆಸರು ಹೇಳಬೇಕು. ಆಮೇಲೆ "ಯಾರ ಹೂಂ?" ಅನ್ನುತ್ತವೆ. ನಿಮ್ಮ ಪರವಾಗಿ ಹೂಂ ಅನ್ನುವವರ ಹೆಸರು ಹೇಳಬೇಕು. ಅವರು ಊರಿನ ಯಾವ ಮೂಲೆಯಲ್ಲಿ ಅಕ್ಕಿಯ ಕಲ್ಲನ್ನೋ ಮಗಳ ತಲೆಯ ಹೇನನ್ನೋ ಹೆಕ್ಕುತ್ತ ಕೂತಿದ್ದರೂ ಸರಿ, ಬಾಗಿಲಿನ ಪ್ರಶ್ನೆ ಅವರ ಕಿವಿಗೆ ಬೀಳುತ್ತದೆ, ನಿಮ್ಮ ದನಿಯೂ ಬೀಳುತ್ತದೆ. ಅವರು ನಿಮ್ಮನ್ನು ಒಂದೆರಡು ಮಾತಾಡಿಸಿ, ನೀವು ನೀವೇ ಅಂತ ಖಾತ್ರಿಯಾದರೆ "ಹೂಂ" ಅನ್ನುತ್ತಾರೆ. ಬಾಗಿಲು ತೆರೆಯುತ್ತದೆ. ಮರದ ಬಾಗಿಲು, ಕಬ್ಬಿಣದ ಬಾಗಿಲು, ಮೊಬೈಲಿನ ಪರದೆ ಮೇಲಿನ ಪುಟ, ನಮ್ಮೂರಲ್ಲಿ ಎಲ್ಲಕ್ಕೂ ಬಾಗಿಲು ಅಂತಲೇ ಹೆಸರು, ಎಲ್ಲಕ್ಕೂ ಇದೇ ರಿವಾಜು. ಅದು ಹೇಗೆ ಕೇಳಿಸುತ್ತೆ ಅಂತ ಹೊರಗಿನವರು ಕೇಳುತ್ತಾರೆ. ನಿಮ್ಮ ಮನೆಯ ನಲ್ಲಿಯಲ್ಲಿ ನೀರು ಹೇಗೆ ಬರುತ್ತೆ ಅಂತ ನಾವು ಕೇಳಿದ್ದೇವಾ?

ಇದಕ್ಕೂ ಮುಂಚೆ ಒಂದು ಕಾಲವಿತ್ತು. ಆಗ ಒಂದೊಂದು ಬಾಗಿಲಿಗೂ ಒಂದೊಂದು ಪಾಸ್‌ವರ್ಡು. ಮನೆಗೊಂದು, ಬ್ಯಾಂಕಿಗೊಂದು, ಲೈಬ್ರರಿಗೊಂದು, ಸಾರ್ವಜನಿಕ ಕಕ್ಕಸಿಗೂ ಒಂದು. ಆ ಕೊನೆಯದನ್ನು ಮರೆತವರ ಮುಖ ಇವತ್ತಿಗೂ ನನಗೆ ಅಭಿನಯಿಸಿ ತೋರಿಸಲು ಬರುತ್ತದೆ. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರು ರುದ್ರಯ್ಯನವರು ಸ್ವಂತ ಮನೆಯ ಪಾಸ್‌ವರ್ಡು ಮರೆತು ಎರಡು ದಿನ ಜಗಲಿಯ ಮೇಲೆ ಕೂತು ದೇವರ ಹೆಸರುಗಳನ್ನೆಲ್ಲ ಹೇಳಿ ನೋಡಿದರು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ತಾಳ್ಮೆಗೆಟ್ಟು ಬಯ್ಯಲು ಶುರು ಮಾಡಿದರು. ಎಂಟನೇ ಬೈಗುಳಕ್ಕೆ ತೆರೆಯಿತು. ಪಾಸ್‌ವರ್ಡು ಇಟ್ಟಿದ್ದು ಅವರ ಹೆಂಡತಿ.

ಆ ಪಾಡನ್ನು ತಪ್ಪಿಸಿದ್ದು ನಮ್ಮ ದಾಕ್ಷಾಯಿಣತ್ತೆ, ಅಂದರೆ ನಮ್ಮಪ್ಪನ ಅಕ್ಕ, ಮತ್ತು ಅವಳ ಗೆಳತಿ ಜೈತೂನ್‌ಬಿ. ಇಬ್ಬರೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿ ಮೂವತ್ತೊಂದು ವರ್ಷ ಕೂತು ಊರಿನವರ ದನಿಗಳನ್ನು ಈ ತಂತಿಯಿಂದ ಆ ತಂತಿಗೆ ದಾಟಿಸಿದವರು. ಎಕ್ಸ್‌ಚೇಂಜು ಮುಚ್ಚಿದ ದಿನ ಖಾಲಿ ಕೈಯಲ್ಲಿ ಮನೆಗೆ ಹೋಗಲು ಮನಸ್ಸಾಗದೆ, ಅಲ್ಲೇ ಉಳಿದಿದ್ದ ಟ್ರಂಕ್‌ಕಾಲ್ ಚೀಟಿಯೊಂದರ ಬೆನ್ನಿಗೆ ಮೂರು ಸಾಲು ಬರೆದರು. ಯಾರು ಬೇಕಾದರೂ ಯಾರಿಗೆ ಬೇಕಾದರೂ ಹೂಂ ಅನ್ನಬಹುದು. ಯಾರ ಹೂಂ ಬೇಕು ಅನ್ನುವುದನ್ನು ಹೆಸರಿನವರೇ ಆರಿಸಿಕೊಳ್ಳಬೇಕು. ತನಗೆ ತಾನೇ ಹೂಂ ಅನ್ನುವಂತಿಲ್ಲ. ಅಷ್ಟೇ. ಹೂಂ ಪದ್ಧತಿಗೆ ಹೆಡ್ ಆಫೀಸು ಇರಲಿಲ್ಲ, ರಬ್ಬರ್ ಸ್ಟಾಂಪು ಇರಲಿಲ್ಲ, ಅಧ್ಯಕ್ಷರ ಫೋಟೋ ಇರಲಿಲ್ಲ. ಕೇರಿಗಿಬ್ಬರು ಹೂಂಗಾರರು ತಾವಾಗಿ ಹುಟ್ಟಿಕೊಂಡರು. ಹೂಗಾರರಿಗಿಂತ ಹೂಂಗಾರರಿಗೆ ಮರ್ಯಾದೆ ಜಾಸ್ತಿಯಾಯಿತು. ನಮ್ಮತ್ತೆಯ ಹೂಂ ಮೇಲೆ ಇನ್ನೂರ ಹನ್ನೆರಡು ಜನ ಊರಲ್ಲಿ ಓಡಾಡುತ್ತಿದ್ದರು. ಅತ್ತೆಗೆ ಜೈತೂನತ್ತೆ ಹೂಂ ಅನ್ನುತ್ತಿದ್ದಳು, ಜೈತೂನತ್ತೆಗೆ ಅತ್ತೆ.

ಅತ್ತೆಗೆ ಹೂಂ ಅನ್ನಲು ತನ್ನದೇ ಒಂದು ಕ್ರಮವಿತ್ತು. ಬಾಗಿಲ ಮುಂದೆ ನಿಂತವರನ್ನು ಹೆಸರು, ಹುಟ್ಟಿದ ದಿನ, ಅಜ್ಜಿಯ ಹೆಸರು ಅಂತೆಲ್ಲ ಕೇಳುತ್ತಿರಲಿಲ್ಲ. "ಸ್ನಾನ ಆಯ್ತಾ?" ಅನ್ನುತ್ತಿದ್ದಳು. "ಹೆಂಡತಿ ಹತ್ರ ಮಾತು ಬಿಟ್ಟಿದ್ದೆಯಂತೆ, ಸರಿಹೋಯ್ತಾ?" ಅನ್ನುತ್ತಿದ್ದಳು. ಸುಳ್ಳು ಹೇಳಲೇಬೇಕಾದಂಥ ಒಂದು ಪ್ರಶ್ನೆ. ಉತ್ತರ ಬಂದಮೇಲೆ ಒಂದು ಉಸಿರು ಎಳೆದುಕೊಳ್ಳುವಳು. ಆಮೇಲೆ "ಹೂಂ."

ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನಾನು ಅವಳನ್ನು ಪರೀಕ್ಷೆ ಮಾಡಲು ಹೋದೆ. ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡಿ ಹೆಸರು ಮಾಡುತ್ತಿದ್ದ ದಿನಗಳು ಅವು. ಹೆಡ್‌ಮಾಸ್ತರರ ಮನೆಯ ಬಾಗಿಲಿಗೆ ಹೋಗಿ, ಅವರ ಗೊಗ್ಗರು ಗಂಟಲನ್ನು ಥೇಟ್ ತಂದು, "ರುದ್ರಯ್ಯ. ದಾಕ್ಷಾಯಿಣಮ್ಮನವರ ಹೂಂ," ಎಂದೆ. ಅತ್ತೆಯ ದನಿ ಬಾಗಿಲಿನಿಂದ ಬಂತು. "ಸಿಗರೇಟು ಬಿಟ್ರಾ ಮೇಷ್ಟ್ರೇ?"

"ಯಾವತ್ತೋ ಬಿಟ್ಟೆ ತಾಯಿ!" ಎಂದೆ, ಮೇಷ್ಟ್ರ ಹಾಗೆ ಕೊನೆಯಲ್ಲಿ ಮೂಗೇರಿಸಿ.

"ಲೋ ಪಂಚಾಕ್ಷರಿ, ಮನೆಗೆ ಬಾ, ದೋಸೆ ಹಾಕ್ತಿದ್ದೀನಿ."

ದೋಸೆ ತಿನ್ನುತ್ತ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ನಿಜ ಹೇಳೋವಾಗ ಎಲ್ಲರೂ ಒಂದೇ ಥರ ಕಣೋ. ಸುಳ್ಳು ಹೇಳೋವಾಗಲೇ ಒಬ್ಬೊಬ್ಬರದು ಒಂದೊಂದು ಥರ. ಮೇಷ್ಟ್ರು ಸುಳ್ಳು ಹೇಳೋ ಮುಂಚೆ ಎಂಜಲು ನುಂಗ್ತಾರೆ. ನೀನು ಅವರ ಗಂಟಲು ತಂದೆ, ಅವರ ಸುಳ್ಳು ತರಲಿಲ್ಲ."

"ಹಾಗಾದರೆ ನಂದು? ನಾನು ಸುಳ್ಳು ಹೇಳಿದರೆ ಏನು ಮಾಡ್ತೀನಿ?"

ಅವಳು ಕಾವಲಿಯ ಮೇಲೆ ನೀರು ಚಿಮುಕಿಸಿ ನಕ್ಕಳು. "ನೀನು ನಿಜ ಹೇಳೋವಾಗೆಲ್ಲ ಯಾರದಾದರೂ ದನಿ ಮಾಡ್ತಿರ್ತೀಯ. ಸುಳ್ಳು ಹೇಳೋವಾಗ ಮಾತ್ರ ನಿನ್ನ ಸ್ವಂತ ದನಿ ಬರುತ್ತೆ. ವರ್ಷಕ್ಕೆ ಎರಡು ಮೂರು ಸಲ ಕೇಳಿದ್ದೀನಿ. ಚೆನ್ನಾಗಿದೆ ದನಿ, ಪಾಪ."

ಇನ್ನು ಎಲ್ಲಂಗಡಿ. ಅದು ಇಂಟರ್ನೆಟ್ಟಿನ ದೊಡ್ಡ ಕಂಪನಿ. ಊರಿನವರ ಪತ್ರ, ಫೋಟೋ, ಹಾಡು, ನಕ್ಷೆ, ಬಸ್ಸಿನ ಸೀಟು ಎಲ್ಲ ಅದರ ಉಗ್ರಾಣದಲ್ಲೇ ಇರುತ್ತಿದ್ದವು. ಹಸಿರು ಬಣ್ಣದ ಬೋರ್ಡು. ಊರಿನವರು ಕಲ್ಲಂಗಡಿ ಅನ್ನುತ್ತಿದ್ದರು, ಹೊರಗೆ ಹಸಿರು ಕಂಡರೂ ಒಳಗೆ ಕೆಂಪು ಅಂತ. ಊರೆಲ್ಲ ಹೂಂ ಪದ್ಧತಿಗೆ ಬಂದರೂ ಎಲ್ಲಂಗಡಿ ಮಾತ್ರ ತನ್ನ ಬಾಗಿಲುಗಳಿಗೆ ಹಳೇ ಪಾಸ್‌ವರ್ಡನ್ನೇ ಇಟ್ಟುಕೊಂಡಿತ್ತು. "ನೀವೂ ಹೂಂ ಪದ್ಧತಿಗೆ ಬನ್ನಿ" ಅಂತ ಊರಿನವರು ಆರು ವರ್ಷ ಅರ್ಜಿ ಕೊಟ್ಟರು. ಅರ್ಜಿ ಬರೆದದ್ದು ಅತ್ತೆ, ಸಹಿ ಹಾಕಿಸಿಕೊಂಡು ಬಂದದ್ದು ಜೈತೂನತ್ತೆ.

ಏಳನೇ ವರ್ಷ ಎಲ್ಲಂಗಡಿಯ ಉಲ್ಲಾಸ್ ಎನ್ನುವ ಅಧಿಕಾರಿ ನನ್ನನ್ನು ಕರೆಸಿಕೊಂಡರು. ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿ ತರ್ಕಕ್ಕೆ ಸಿಗದ ಹಾಗೆ ಐದು ವರ್ಷದಿಂದ ಮನೆಯಲ್ಲೇ ಇದ್ದೆ. "ನಾವು ಹೂಂ ಪದ್ಧತಿಗೆ ಬರ್ತಿದ್ದೀವಿ ಪಂಚಾಕ್ಷರಿ," ಎಂದರು ಉಲ್ಲಾಸ್ ಸರ್. ಅವರು ಪ್ರತಿ ವಾಕ್ಯದ ಕೊನೆಯಲ್ಲೂ ಚಪ್ಪಾಳೆಗೆ ಜಾಗ ಬಿಟ್ಟು ಮಾತಾಡುತ್ತಿದ್ದರು. "ಎಲ್ಲಂಗಡಿಗೇ ಒಂದು ಸ್ವಂತ ಹೂಂ ಬೇಕು. ಜನ ಕೇಳಿದ ತಕ್ಷಣ ನಂಬಬೇಕು. ಅಂಥ ದನಿ ಮಾಡಿ ತೋರಿಸಿ."

ರೇಡಿಯೋ ವಾರ್ತೆಯ ದನಿ ಮಾಡಿದೆ. ಡಾಕ್ಟರ ದನಿ ಮಾಡಿದೆ. ಹರಿಕಥೆ ದಾಸರ ದನಿ ಮಾಡಿದೆ. ಉಲ್ಲಾಸ್ ಸರ್ ತಲೆಯಾಡಿಸುತ್ತಲೇ ಇದ್ದರು, ಅಡ್ಡಡ್ಡ. ಕೆಲಸ ಕೈತಪ್ಪುವುದು ಖಾತ್ರಿಯಾದಾಗ, ಹೋಗುವ ಮುಂಚೆ ನಾನಾದರೂ ನಗೋಣ ಅಂತ, ಅತ್ತೆಯ ಹಾಗೆ ಸೆರಗು ಸರಿಮಾಡಿಕೊಂಡು, ಒಂದು ಉಸಿರು ಎಳೆದು, "ಹೂಂ," ಎಂದೆ.

ಅವರು ಕುರ್ಚಿಯಿಂದ ಎದ್ದು ನಿಂತರು.

ಅವತ್ತು ಮಧ್ಯಾಹ್ನ ಗಾಜಿನ ಕೋಣೆಯಲ್ಲಿ ಕೂರಿಸಿ ನೂರೆಂಟು ಹೂಂ ರೆಕಾರ್ಡು ಮಾಡಿಸಿದರು. ನೂರೆಂಟಕ್ಕೆ ಅಷ್ಟೋತ್ತರ ಮುಗಿದು ಮಂಗಳಾರತಿ ಅಂದುಕೊಂಡರೆ, "ಒಂದು ಊಹೂಂ ಕೂಡ ಕೊಟ್ಟುಬಿಡಿ" ಎಂದರು.

"ಊಹೂಂ ಯಾಕೆ ಸರ್?"

"ಶಾಸ್ತ್ರಕ್ಕೆ. ಒಂದೇ ಸಾಕು. ಅದರ ಬಳಕೆ ಕಡಿಮೆ."

ಕೊಟ್ಟೆ. ಆಮೇಲೆ ಅವರು ಯಂತ್ರದ ಮುಂದೆ ಕೂತು ಪ್ರತಿ ಹೂಂನ ಹಿಂದಿದ್ದ ಉಸಿರನ್ನು ಕತ್ತರಿಸಿ ತೆಗೆದರು. "ಇದು ವೇಸ್ಟು. ಒಂದು ಹೂಂಗೆ ಎರಡು ಸೆಕೆಂಡು ಉಳೀತು ನೋಡಿ." ಮುಂದಿನ ಸಲ ಕತ್ತರಿಸುವ ಕೆಲಸ ತಪ್ಪಲಿ ಅಂತ ಉಸಿರೆಳೆಯದೆ ಹೂಂ ಅನ್ನುವುದನ್ನು ನನಗೆ ಅಭ್ಯಾಸ ಮಾಡಿಸಿದರು. ಎರಡು ವಾರದಲ್ಲಿ ಕಲಿತೆ. ಕೆಲಸವೂ ಖಾಯಂ ಆಯಿತು.

ಟೌನ್‌ಹಾಲಿನಲ್ಲಿ ದೊಡ್ಡ ಸಮಾರಂಭ. ಮುಂದಿನ ಸಾಲಿನಲ್ಲಿ ಅತ್ತೆ, ಜೈತೂನತ್ತೆ. ಇಬ್ಬರಿಗೂ ಶಾಲು, ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಕಲ್ಲಂಗಡಿ ಇರಲಿಲ್ಲ ಅನ್ನುವುದನ್ನು ನಾನು ಗಮನಿಸಿದೆ. "ಮುಕ್ತವಾದ, ಎಲ್ಲರದಾದ ಹೂಂ ಪದ್ಧತಿಯನ್ನು ಎಲ್ಲಂಗಡಿ ಇಂದು ಹೃದಯಪೂರ್ವಕವಾಗಿ ಅಪ್ಪಿಕೊಳ್ಳುತ್ತಿದೆ," ಎಂದರು ಉಲ್ಲಾಸ್ ಸರ್. ಚಪ್ಪಾಳೆ ಬಿತ್ತು. ಜೈತೂನತ್ತೆ ಕಣ್ಣೊರೆಸಿಕೊಂಡಳು. ಅವಳಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಆಗಲೇ ಮಂಜಾಗಿತ್ತು, ನೀರು ಸುಮ್ಮನೆಯೂ ಬರುತ್ತಿತ್ತು. ಆದರೆ ಅವತ್ತು ಸುಮ್ಮನೆ ಬಂದದ್ದಲ್ಲ. ಆಮೇಲೆ ವೇದಿಕೆಯ ಮೇಲೆ ಒಂದು ಹಸಿರು ಬಾಗಿಲು ತಂದು ನಿಲ್ಲಿಸಿದರು. ಕಂಪನಿಯವಳೊಬ್ಬಳು ಹೋಗಿ ಹೆಸರು ಹೇಳಿ "ಎಲ್ಲಂಗಡಿಯ ಹೂಂ" ಎಂದಳು. "ಹೂಂ," ಎಂದಿತು ಬಾಗಿಲು, ನಮ್ಮತ್ತೆಯ ದನಿಯಲ್ಲಿ. ಸಭೆ ಹೋ ಎಂದು ನಕ್ಕಿತು. ದಾಕ್ಷಾಯಿಣಮ್ಮನಿಗೆ ಮಾಡಿದ ಗೌರವ ಅಂದುಕೊಂಡರು.

ಅತ್ತೆ ನಗಲಿಲ್ಲ. ನಡೆದುಕೊಂಡು ಮನೆಗೆ ಬರುವಾಗ, ಅರ್ಧ ದಾರಿಯಲ್ಲಿ ಹೇಳಿದಳು: "ಉಸಿರು ಬಿಟ್ಟುಬಿಟ್ಟಿದ್ದೀಯ ಪಂಚೂ. ಆ ಉಸಿರಲ್ಲೇ ನಾನು ಯೋಚನೆ ಮಾಡೋದು. ಉಳಿದದ್ದು ಬರೀ ಸದ್ದು." ನಾನು ಏನಾದರೂ ಚಮತ್ಕಾರದ ಮಾತು ಹೇಳೋಣ ಅಂತ ಬಾಯಿ ತೆರೆದೆ. ಯಾರ ದನಿಯೂ ಹತ್ತಿರ ಬರಲಿಲ್ಲ.

ಹತ್ತು ದಿನ ಕಳೆಯಿತು. ಅತ್ತೆಯ ಹೂಂ ಮೇಲಿದ್ದ ಗಡಿಯಾರ ರಿಪೇರಿಯ ಗುರುಶಾಂತಪ್ಪ, ಮಾತು ತೊದಲುವ ಮನುಷ್ಯ, ತನ್ನ ಹಳೇ ಫೋಟೋ ನೋಡಲು ಎಲ್ಲಂಗಡಿಯ ಬಾಗಿಲಿಗೆ ಹೋದ. ಇನ್ನು ಪಾಸ್‌ವರ್ಡು ಬೇಡವಲ್ಲ ಅನ್ನುವ ಖುಷಿ. "ದಾ... ದಾಕ್ಷಾಯಿಣಮ್ಮನ ಹೂಂ" ಎಂದನಂತೆ. ಮನೆಯ ಜಗಲಿಯಲ್ಲಿ ಅತ್ತೆ ಪ್ರಶ್ನೆಗೆ ಕಾದಿದ್ದಳು, ಏಕೆಂದರೆ ಬೆಳಿಗ್ಗೆಯೇ ಅವನು ಹೇಳಿ ಹೋಗಿದ್ದ. ಪ್ರಶ್ನೆ ಬರಲೇ ಇಲ್ಲ. ಬಾಗಿಲು ಅವಳನ್ನು ಕೇಳದೆಯೇ ಅವಳ ದನಿಯಲ್ಲಿ "ಊಹೂಂ" ಎಂದಿತ್ತು. ಗುರುಶಾಂತಪ್ಪ ನೇರ ನಮ್ಮ ಮನೆಗೆ ಬಂದು ಜಗಲಿಯ ಕೆಳಗೆ ನಿಂತ. "ಯಾ... ಯಾಕಮ್ಮಾ ಹಾಗಂದ್ರಿ? ನಾನೇನು ತ... ತಪ್ಪು ಮಾಡಿದೆ?"

ಅತ್ತೆ ಆವತ್ತೇ ಎಲ್ಲಂಗಡಿಯ ಆಫೀಸಿಗೆ ನಡೆದಳು. ಉಲ್ಲಾಸ್ ಸರ್ ಹೊರಗೆ ಬಂದು ನೆರಳಲ್ಲಿ ಕುರ್ಚಿ ಹಾಕಿಸಿದರು. ನಾನು ಹಿಂದೆ ನಿಂತಿದ್ದೆ, ಯಾರ ಹಿಂದೆ ಅಂತ ನನಗೇ ಸ್ಪಷ್ಟವಿರಲಿಲ್ಲ.

"ನೀವು ಹೂಂ ಪದ್ಧತಿಗೆ ಬಂದಿರಿ ಅಂತ ಶಾಲು ಹೊದಿಸಿದಿರಲ್ಲ ಸ್ವಾಮಿ," ಎಂದಳು.

"ಖಂಡಿತ ಬಂದಿದ್ದೀವಮ್ಮ! ಎಲ್ಲಂಗಡಿಯ ಹೂಂ ಈಗ ಊರಿನ ಎಲ್ಲ ಬಾಗಿಲಿಗೂ ನಡೆಯುತ್ತೆ. ನಿಮ್ಮ ಪದ್ಧತಿಯ ಒಂದನೇ ಸಾಲು, ಯಾರು ಬೇಕಾದರೂ ಹೂಂ ಅನ್ನಬಹುದು. ನಾವೂ ಅಂತಿದ್ದೀವಿ."

"ನಮ್ಮ ಹೂಂ ನಿಮ್ಮ ಬಾಗಿಲಿಗೆ?"

"ಅದು ಎರಡನೇ ಹಂತದಲ್ಲಿ ಬರುತ್ತಮ್ಮ."

"ಎರಡನೇ ಹಂತ ಯಾವಾಗ?"

"ಮೊದಲನೇ ಹಂತ ಮುಗಿದ ಮೇಲೆ."

"ಅದು ಯಾವಾಗ ಮುಗಿಯುತ್ತೆ?"

ಉಲ್ಲಾಸ್ ಸರ್ ಚಪ್ಪಾಳೆಗೆ ಜಾಗ ಬಿಟ್ಟರು. ಯಾರೂ ತಟ್ಟಲಿಲ್ಲ. ಅಪ್ಪಿಕೊಳ್ಳುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ ಅಂತ ನನಗೆ ಅರ್ಥವಾದದ್ದು ಆಗ. ಮಾತು ಚೆನ್ನಾಗಿದೆ ಅಂತ ಅನ್ನಿಸಿ, ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ, ಎಲ್ಲಾದರೂ ಬಳಸಬಹುದು ಅಂತ. ಅಂಥವನು ನಾನು.

ಊರು ಹೇಗೆ ಜಾರಿತು ಅಂತ ವಿಸ್ತಾರವಾಗಿ ಹೇಳುವುದು ಬೇಡ. ಯಾರನ್ನೂ ಬಯ್ಯುವ ಹಾಗಿಲ್ಲ. ಅತ್ತೆ ಮಧ್ಯಾಹ್ನ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಇನ್ನೂರು ಜನ ಬಿಸಿಲಲ್ಲಿ ನಿಲ್ಲಬೇಕಿತ್ತು. ಸ್ನಾನಕ್ಕೆ ಹೋದರೆ ತಲೆಗೆ ಸೀಗೆಪುಡಿ ಹಚ್ಚಿಕೊಂಡೇ ಹೂಂ ಅನ್ನಬೇಕಿತ್ತು. ಎಲ್ಲಂಗಡಿಯ ಹೂಂ ಮಲಗುವುದಿಲ್ಲ, ಸಿಗರೇಟು ಬಿಟ್ರಾ ಅಂತ ಕೇಳುವುದಿಲ್ಲ, ಕಂಪನಿಯ ಬಾಗಿಲಿಗೂ ನಡೆಯುತ್ತದೆ, ಊರಿನದಕ್ಕೂ ನಡೆಯುತ್ತದೆ. ದನಿಯೂ ಪರಿಚಯದ್ದೇ. "ಎಷ್ಟಾದರೂ ನಿಮ್ಮ ಹೂಂನೇ ಅಲ್ವೇನಮ್ಮಾ," ಎಂದು ರುದ್ರಯ್ಯ ಮೇಷ್ಟ್ರೇ ಹೇಳಿಹೋದರು, ಎಂಜಲು ನುಂಗದೆ. ಅಂದರೆ ನಿಜವಾಗಿ ಹಾಗೇ ಅಂದುಕೊಂಡಿದ್ದರು. ಎಲ್ಲಂಗಡಿಯ ಹೂಂ ತಗೊಳ್ಳುವವರು ಒಂದು ನಿಬಂಧನೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ನಿಬಂಧನೆಯೊಳಗಿನ ಬಂಧನ ಇದ್ದದ್ದು ನಲವತ್ತೊಂದನೇ ಸಾಲಿನಲ್ಲಿ: ಸಹಿ ಹಾಕಿದವರು ಇನ್ನು ಮುಂದೆ ಬೇರೆ ಯಾರಿಗೂ ಹೂಂ ಅನ್ನುವಂತಿಲ್ಲ, ಅಂದರೂ ಯಾವ ಬಾಗಿಲೂ ಕೇಳುವುದಿಲ್ಲ. ನಲವತ್ತನೇ ಸಾಲಿನ ತನಕ ಓದಿದವರನ್ನೇ ನಾನು ಕಂಡಿಲ್ಲ. ಕೇರಿಯ ಹೂಂಗಾರರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು.

ವರ್ಷ ತುಂಬುವಷ್ಟರಲ್ಲಿ ಅತ್ತೆಯ ಹತ್ತಿರ ಹತ್ತೊಂಬತ್ತು ಜನ ಉಳಿದರು. ನಿಷ್ಠೆಯಿಂದ ಉಳಿದವರಲ್ಲ, ದನಿಯಿಂದ ಗುರುತು ಹಿಡಿಯುವ ಎಲ್ಲಂಗಡಿಯ ಯಂತ್ರಕ್ಕೆ ಹಿಡಿಸದವರು. ದಿನಕ್ಕೊಂದು ಥರ ತೊದಲುವ ಗುರುಶಾಂತಪ್ಪ. ಗಂಟಲ ಆಪರೇಷನ್ ಆಗಿ ಪಿಸುಗುಟ್ಟುವ ಟೈಲರ್ ಮಂಜಯ್ಯ. ಬಾಯಿಯೇ ಬಿಡದೆ ಬಳೆ ಆಡಿಸಿ ಉತ್ತರ ಹೇಳುವ ಹೊಸ ಸೊಸೆ ಒಬ್ಬಳು. ಅವಳು ಬಳೆಯಲ್ಲೇ ಸುಳ್ಳು ಹೇಳುತ್ತಾಳೆ, ಅದೂ ನನಗೆ ಗೊತ್ತು ಅನ್ನುತ್ತಿದ್ದಳು ಅತ್ತೆ. ಈ ಹತ್ತೊಂಬತ್ತು ಜನ ತಮ್ಮ ಸ್ವಂತ ಮನೆಗೆ ಹೋಗಬೇಕಾದರೂ ಅತ್ತೆ ಹೂಂ ಅನ್ನಬೇಕು. ಅವರ ಗುರುತು ಹಿಡಿಯಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಅವಳು ಸಹಿ ಹಾಕಿದರೆ ಅವರೆಲ್ಲ ಬೀದಿಯಲ್ಲಿ.

ಅಷ್ಟರಲ್ಲಿ ಮುನ್ಸಿಪಾಲಿಟಿಯವರು ದೊಡ್ಡಾಸ್ಪತ್ರೆಯ ಬಾಗಿಲುಗಳನ್ನು ಎಲ್ಲಂಗಡಿಗೆ ವಹಿಸಿದರು. ಜೈತೂನತ್ತೆಗೆ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಮೂರು ಸಲ ಅಲ್ಲಿಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಿತ್ತು. ಎಲ್ಲಂಗಡಿಯ ಹೂಂ ಇಲ್ಲದೆ ಒಳಗೆ ಬಿಡುವುದಿಲ್ಲ. ನಮ್ಮ ಮನೆಯ ಜಗಲಿಯಲ್ಲೇ ಆ ಮಾತು ಆಯಿತು.

"ನಾನು ಸಹಿ ಹಾಕಲ್ಲ ಕಣೆ ದಾಕ್ಷಾ," ಎಂದಳು ಜೈತೂನತ್ತೆ. "ನಿಂಗೆ ಹೂಂ ಅನ್ನೋರು ಯಾರಿರ್ತಾರೆ?"

"ಗುರುಶಾಂತಪ್ಪ ಅಂತಾನೆ."

"ಅವನು ಹೂ... ಹೂ... ಅಂತ ಮುಗಿಸೋ ಹೊತ್ತಿಗೆ ನಿಂಗೆ ಮಂಡಿನೋವು ಬಂದಿರುತ್ತೆ."

"ಮಂಡಿನೋವು ಈಗಲೇ ಇದೆ. ಹೋಗು, ಸಹಿ ಹಾಕು."

"ಮೂರನೇ ಸಾಲು ಬರೆದೋಳು ನಾನು. ತನಗೆ ತಾನೇ ಹೂಂ ಅನ್ನೋ ಹಾಗಿಲ್ಲ ಅಂತ. ಇನ್ನೊಂದು ಸಾಲು ಬರೀಬೇಕಿತ್ತು ನೋಡು. ಹೂಂ ಅನ್ನೋರು ಹೂಂ ಅನ್ನಿಸಿಕೊಳ್ಳಲೂಬೇಕು ಅಂತ. ಆ ಚೀಟಿಯಲ್ಲಿ ಜಾಗ ಇತ್ತು ಕಣೆ, ಎರಡು ಬೆರಳಷ್ಟು."

"ಊಟ ಆಯ್ತಾ?" ಎಂದಳು ಅತ್ತೆ.

"ಆಗ್ಲೇ ಆಯ್ತು," ಎಂದು ಜೈತೂನತ್ತೆ ಸಣ್ಣಗೆ ಕೆಮ್ಮಿದಳು. ಆ ಕೆಮ್ಮೇ ಅವಳ ಸುಳ್ಳು, ಎಕ್ಸ್‌ಚೇಂಜಿನ ಕಾಲದ್ದು. ಅತ್ತೆ ಉಸಿರೆಳೆದು "ಹೂಂ" ಎಂದು, ಒಳಗೆ ಹೋಗಿ ತಟ್ಟೆ ಹಾಕಿದಳು. ಮಾರನೇ ದಿನ ಜೈತೂನತ್ತೆ ಸಹಿ ಹಾಕಿದಳು.

ಮಳೆಗಾಲ ಕಳೆದು ಬಿಸಿಲು ಬಂದಾಗ ಅವಳು ಆಸ್ಪತ್ರೆಯಲ್ಲೇ ಉಳಿದಳು. ಕಣ್ಣು ಪೂರ್ತಿ ಹೋಗಿತ್ತು. "ಇನ್ನು ಒಂದೆರಡು ದಿನ" ಅಂತ ಅವಳ ಸೊಸೆ ಬಂದು ಹೇಳಿದಳು, "ದಾಕ್ಷಾ ಎಲ್ಲಿ ಅಂತ ಕೇಳ್ತಾ ಇದ್ದಾರೆ." ಅತ್ತೆ ಎದ್ದು, ನುಚ್ಚಿನುಂಡೆ ಬೇಯಿಸಿ, ಡಬ್ಬಿಗೆ ತುಂಬಿ, ನನ್ನನ್ನು ಕರೆದುಕೊಂಡು ಹೊರಟಳು. ಮಟಮಟ ಮಧ್ಯಾಹ್ನ. ಆಸ್ಪತ್ರೆಯ ಹಸಿರು ಬಾಗಿಲ ಮುಂದೆ ಬೇರೆ ಯಾರೂ ಇರಲಿಲ್ಲ.

"ಯಾರು?" ಎಂದಿತು ಬಾಗಿಲು.

"ದಾಕ್ಷಾಯಿಣಿ."

"ಯಾರ ಹೂಂ?"

"ಗುರುಶಾಂತಪ್ಪನ ಹೂಂ."

"ಊಹೂಂ," ಎಂದಿತು ಬಾಗಿಲು. ಅತ್ತೆಯ ದನಿ. ನಾನು ಗಾಜಿನ ಕೋಣೆಯಲ್ಲಿ ಶಾಸ್ತ್ರಕ್ಕೆ ಕೊಟ್ಟ ಒಂದೇ ಒಂದು ಊಹೂಂ.

ಅತ್ತೆ ತನ್ನ ಬಾಯಿಯನ್ನು ಬೆರಳಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ಬಾಗಿಲಿಗೆ ಇನ್ನಷ್ಟು ಹತ್ತಿರ ಹೋಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. "ಜೈತೂನ್‌ಬಿಯ ಹೂಂ. ಒಳಗೇ ಇದ್ದಾಳೆ ನೋಡು. ಮೂರನೇ ವಾರ್ಡು. ಒಂದು ಸಲ ಕೇಳಿ ನೋಡು."

"ಊಹೂಂ."

ನಾನು ಮುಂದೆ ನುಗ್ಗಿ ಜೈತೂನತ್ತೆಯ ದನಿ ಮಾಡಿದೆ. "ಹೂಂ, ನಮ್ಮ ದಾಕ್ಷಾನೇ!" ಎಂದೆ, ಕೆಮ್ಮು ಸಮೇತ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ಮಾಡಿಲ್ಲ. ಬಾಗಿಲಿಗೆ ದನಿ ಹೋಲುತ್ತದೋ ಇಲ್ಲವೋ ಬೇಕಾಗಿರಲಿಲ್ಲ. ಎಲ್ಲಂಗಡಿಯದ್ದಲ್ಲದ ಹೂಂ, ಅಸಲಿಯಾದರೂ ನಕಲಿಯಾದರೂ, ಅದಕ್ಕೆ ಒಂದೇ. "ಊಹೂಂ."

ಪಕ್ಕದ ಕಿಟಕಿಯಿಂದ ಹಸಿರು ಅಂಗಿಯ ಹುಡುಗಿಯೊಬ್ಬಳು ತಲೆ ಹಾಕಿದಳು. ಒಳ್ಳೆಯ ಹುಡುಗಿ. "ಅಜ್ಜೀ, ಬಿಸಿಲಲ್ಲಿ ಯಾಕೆ ನಿಂತಿದ್ದೀರಾ? ಇಲ್ಲೊಂದು ಸಹಿ ಹಾಕಿ, ಐದೇ ನಿಮಿಷ, ಒಳಗೆ ಹೋಗಬಹುದು."

"ಸಹಿ ಹಾಕಿದರೆ ನನ್ನ ಹತ್ತೊಂಬತ್ತು ಜನ?"

"ಅವರೂ ಅರ್ಜಿ ಹಾಕಬಹುದು ಅಜ್ಜಿ."

"ಹಾಕಿದ್ರಮ್ಮ. ನಿಮ್ಮ ಯಂತ್ರ ಅವರಿಗೆ ಒಂದೊಂದು ಸಲವೂ ಊಹೂಂ ಅಂದಿದೆ."

"ಹಾಗಾದರೆ ಎರಡನೇ ಹಂತದಲ್ಲಿ ಏನಾದರೂ..." ಅಂದು ಹುಡುಗಿ ಪೆನ್ನು ಮುಂದಕ್ಕೆ ಸರಿಸಿದಳು. ಅವಳಿಗೂ ನಾಚಿಕೆಯಾಯಿತು.

ಅತ್ತೆ ಪೆನ್ನು ತಗೊಂಡಳು. ನಿಜವಾಗಿ ತಗೊಂಡಳು. ಹಾಳೆಯ ಮೇಲೆ ಇಟ್ಟಳು ಕೂಡ. ಅಷ್ಟರಲ್ಲಿ ಅವಳ ಕಿವಿ ನಿಮಿರಿತು. ಎಲ್ಲೋ ಯಾವುದೋ ಬಾಗಿಲು ಅವಳನ್ನು ಕೇಳುತ್ತಿತ್ತು. "ಬಟನ್ನು ಹಾಕಿ ಕೊಟ್ಟೆಯೇನಪ್ಪಾ ಮಂಜಯ್ಯ, ಆ ಹುಡುಗನ ಅಂಗಿಗೆ?" ಎಂದಳು ಗಾಳಿಗೆ. ಪಿಸುಮಾತು ನನಗೆ ಕೇಳಿಸಲಿಲ್ಲ. ಅವಳು ತಲೆ ಬಾಗಿಸಿ ಕೇಳಿಸಿಕೊಂಡಳು, ಉಸಿರು ಎಳೆದಳು. "ಹೂಂ." ಊರಿನ ಆ ತುದಿಯಲ್ಲಿ ಮಂಜಯ್ಯನ ಬಾಗಿಲು ತೆರೆದಿರಬೇಕು. ಅತ್ತೆ ಪೆನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಪಂಚೂ, ನೀನು ಹೋಗು. ನೀನು ಕಂಪನಿಯವನು, ನಿನ್ನನ್ನ ಬಿಡುತ್ತೆ." ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. "ಅವಳಿಗೆ ಕಣ್ಣು ಕಾಣಲ್ಲ. ನನ್ನ ಹಾಗೆ ಮಾತಾಡು. ಜಾಸ್ತಿ ಏನೂ ಬೇಡ. ಬಂದೆ ಅಂತ ಗೊತ್ತಾದರೆ ಸಾಕು. ಒಂದು ಉಂಡೆ ತಿನ್ನಿಸು."

"ಅತ್ತೆ, ಬೇಡ..."

"ಊರಿಗೆಲ್ಲ ಮಾಡಿ ತೋರಿಸಿದ್ದೀಯ. ನಂಗೊಂದು ಸಲ ಮಾಡು."

ನಾನು ಹೆಸರು ಹೇಳಿ ಎಲ್ಲಂಗಡಿಯ ಹೂಂ ಎಂದೆ. ಅತ್ತೆಯ ದನಿ ಹೂಂ ಅಂದಿತು. ಅತ್ತೆಯನ್ನು ಹೊರಗೆ ಬಿಟ್ಟು ನಾನು ಒಳಗೆ ಹೋದೆ. ಮೂರನೇ ವಾರ್ಡಿಗೆ ಹೋಗುವಷ್ಟರಲ್ಲಿ ಐದು ಬಾಗಿಲು. ಪ್ರತಿ ಬಾಗಿಲಲ್ಲೂ ಹೂಂ, ಹೂಂ, ಹೂಂ, ನಾನು ಅಂದದ್ದು, ನನಗೇ.

ಜೈತೂನತ್ತೆ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಹಾಸಿಗೆಯಲ್ಲಿ ಇದ್ದಾಳೋ ಇಲ್ಲವೋ ಅನ್ನುವಷ್ಟು ಸಣ್ಣಗಾಗಿದ್ದಳು. ಹೆಜ್ಜೆ ಸಪ್ಪಳಕ್ಕೆ ಮುಖ ತಿರುಗಿಸಿದಳು. "ಯಾರು?"

ನಾನು ಸ್ಟೂಲಿನ ಮೇಲೆ ಕೂತು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಅತ್ತೆಯ ದನಿ ತಂದೆ. "ಊಟ ಆಯ್ತಾ?"

ಅವಳ ಮುಖ ಅರಳಿತು. ಹಾಗೆ ಅರಳಿದ್ದನ್ನು ನಾನು ನೋಡಬಾರದಿತ್ತು. ಕೈ ಚಾಚಿ ಗಾಳಿಯಲ್ಲಿ ತಡಕಿದಳು. "ದಾಕ್ಷಾ? ಬಂದ್ಯಾ?"

ಒಂದು ಉಸಿರು ಎಳೆಯಬೇಕಿತ್ತು. ಅಷ್ಟೇ ಮಾಡಬೇಕಿದ್ದದ್ದು. ಆದರೆ ಎರಡು ವಾರ ಕೂತು ಕಲಿತ ಬಾಯಿ, ವರ್ಷದಿಂದ ಊರಿನ ಪ್ರತಿ ಬಾಗಿಲಲ್ಲೂ ಕೇಳಿ ಕೇಳಿ ಗಟ್ಟಿಯಾದ ಬಾಯಿ. ಅವಳ ಮಾತು ಮುಗಿಯುತ್ತಲೇ ಅಂದುಬಿಟ್ಟೆ. "ಹೂಂ."

ಅವಳ ಕೈ ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಅದನ್ನು ವಾಪಸು ತಗೊಂಡಳು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ. "ಅಯ್ಯೋ," ಎಂದಳು. "ಬಾಗಿಲು."

"ಜೈತೂನ್, ನಾನೇ ಕಣೆ..." ಎಂದೆ, ಈಗ ಉಸಿರೆಳೆದು, ಅತ್ತೆಯ ಅಷ್ಟೂ ದನಿಯನ್ನು ಸುರಿದು.

"ಇಲ್ಲೂ ಒಂದು ಬಾಗಿಲು ಇಟ್ಟಿದ್ದೀರಾ," ಎಂದಳು, ನನಗಲ್ಲ, ಯಾರಿಗೋ ದೂರು ಕೊಡುವವಳ ಹಾಗೆ. "ಮಂಚದ ಹತ್ರಾನೂ?" ಗೋಡೆಯ ಕಡೆ ಮಗ್ಗುಲಾದಳು. ನಾನು ಆಮೇಲೆ ನನ್ನ ಹೆಸರು ಹೇಳಿದೆ, ಡಬ್ಬಿ ತೆರೆದೆ, ನುಚ್ಚಿನುಂಡೆಯ ವಾಸನೆ ವಾರ್ಡಿಗೆಲ್ಲ ಹರಡಿತು, ಅತ್ತೆ ಹೊರಗೇ ಇದ್ದಾಳೆ ಅಂದೆ. ಬಾಗಿಲು ಏನಂದರೂ ನಂಬಬಾರದು ಅಂತ ಅವಳು ತೀರ್ಮಾನ ಮಾಡಿಯಾಗಿತ್ತು. ನರ್ಸು ಬಂದು ಸಮಯವಾಯಿತು ಎಂದಳು.

ಹೊರಗೆ ಅತ್ತೆ ಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಉಂಡೆಗಳು ಹಾಗೇ ಇದ್ದ ಡಬ್ಬಿಯನ್ನು ನನ್ನ ಬ್ಯಾಗಿನ ತಳಕ್ಕೆ ಹಾಕಿ ಮೇಲೆ ಪೇಪರು ಮುಚ್ಚಿದ್ದೆ. ಹಿಂದೆ ಹಸಿರು ಬಾಗಿಲು ಮುಚ್ಚಿಕೊಂಡಿತು. ಅವಳು ಏಳಲಿಲ್ಲ, ಮುಖ ಎತ್ತಿ ನೋಡಲೂ ಇಲ್ಲ. ಎಕ್ಸ್‌ಚೇಂಜಿನಲ್ಲಿ ಕೂತವಳ ಹಾಗೆ ಕಿವಿಯನ್ನು ಮಾತ್ರ ನನ್ನ ಕಡೆ ಕೊಟ್ಟಳು.

"ಗುರುತು ಹಿಡಿದಳಾ?"

ಯಾರ ದನಿಯಲ್ಲಿ ಹೇಳಲಿ ಅಂತ ಹುಡುಕಿದೆ. ರುದ್ರಯ್ಯ ಮೇಷ್ಟ್ರು, ದಾಸರು, ಡಾಕ್ಟರು, ಉಲ್ಲಾಸ್ ಸರ್. ಎಲ್ಲರೂ ಆ ಹೊತ್ತಿಗೆ ನನ್ನನ್ನು ಬಿಟ್ಟು ಎಲ್ಲೋ ಹೋಗಿದ್ದರು.

"ಹಿಡಿದಳು ಅತ್ತೆ," ಎಂದೆ. "ದಾಕ್ಷಾ ಬಂದ್ಯಾ ಅಂತ ಕೈ ಹಿಡಿದುಕೊಂಡಳು. ಎರಡು ಉಂಡೆ ತಿಂದಳು."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಚೆನ್ನಾಗಿತ್ತು.

ಅತ್ತೆ ಒಂದು ಉಸಿರು ಎಳೆದುಕೊಂಡಳು. ಉದ್ದದ ಉಸಿರು.

"ಹೂಂ," ಎಂದಳು. "ನೀನೇ."